ನೀರಗಂಟಿ ತಂದ ತೊಟ್ಟಿ

ಕನಕರಾಜನ ಪಜೀತಿಗೆಲ್ಲ ಮೂಲ ಎರಡು ನಿಮಿಷದ ಒಂದು ವಿಡಿಯೊ.

ಅದರಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ತನ್ನ ಮನೆಯ ಪಡಸಾಲೆಯಲ್ಲೇ ನೀಲಿ ತೊಟ್ಟಿಯೊಂದರಲ್ಲಿ, ಬಿಸಿನೀರೊಳಗೆ ಎದೆಮಟ ಕೂತಿದ್ದಳು. ಸುತ್ತ ಮೇಣದಬತ್ತಿ ಉರಿಯುತ್ತಿದ್ದವು. ಗಂಡ ಹಿಂದೆ ಕೂತು ಬೆನ್ನು ನೀವುತ್ತಿದ್ದ. ಆಕೆ ಎರಡು ಸಲ ಉಸಿರು ಬಿಟ್ಟಳು, ಒಂದು ಸಲ ಮುಗುಳ್ನಕ್ಕಳು, ಅಷ್ಟರಲ್ಲಿ ಕೂಸು ಮೀನಿನ ಹಾಗೆ ನೀರಿನಿಂದ ಮೇಲೆದ್ದು ಬಂತು. ದೀಪಿಕಾ ಇದನ್ನು ಹದಿನೇಳು ಸಲ ನೋಡಿದಳು. ಹದಿನೆಂಟನೆಯ ಸಲ ಗಂಡನಿಗೆ ತೋರಿಸಿದಳು.

"ನನಗೂ ಹಿಂಗ ಆಗಬೇಕು" ಅಂದಳು.

"ಅದಕ್ಕೇನು, ಮೇಣದಬತ್ತಿ ನಮ್ಮೂರ ಅಂಗಡ್ಯಾಗ ಸಿಗತಾವ" ಅಂದ ಕನಕರಾಜ.

ದೀಪಿಕಾಗೆ ದಿನ ತುಂಬಲು ಇನ್ನೆಂಟು ದಿನವಿತ್ತು. ಮೊದಲನೆಯ ಮಗಳು ಹುಟ್ಟಿದ್ದು ತವರೂರು ಲಿಂಗಸುಗೂರಿನಲ್ಲಿ. ಆಗ ಎರಡು ಹಗಲು, ಎರಡು ರಾತ್ರಿ ಹೆರಿಗೆಯ ಬ್ಯಾನಿ ತಿಂದಿದ್ದಳು. ನಾಲ್ಕು ವರ್ಷ ಕಳೆದರೂ ಅದನ್ನು ನೆನೆಸಿಕೊಂಡರೆ ಅವಳ ಕೈ ತಣ್ಣಗಾಗುತ್ತಿದ್ದವು. ಎರಡನೆಯದು ಗಂಡನ ಊರಲ್ಲೇ ಆಗಲಿ ಅಂತ ಹಿರಿಯರು ಮಾತಾಡಿಕೊಂಡಿದ್ದರು. ಎಲ್ಲಿ ಆಗುತ್ತದೆ ಅನ್ನುವುದಲ್ಲ, ಹೇಗೆ ಆಗುತ್ತದೆ ಅನ್ನುವುದು ಅವಳ ಚಿಂತೆ. ಆ ಚಿಂತೆಗೆ ಈ ವಿಡಿಯೊ ಔಷಧಿಯ ಹಾಗೆ ಸಿಕ್ಕಿತ್ತು.

"ಮನ್ಯಾಗ ಹಂಗೆಲ್ಲ ಮಾಡಾಕ ಬರತೈತೇನು, ದೀಪಾ?"

"ಯಾಕ ಬರಂಗಿಲ್ಲ? ಊರಿಗೆಲ್ಲ ನೀರು ಬಿಡೋ ಮನಿಷ್ಯಾ ನೀವು. ಹೆಂಡ್ತಿಗೆ ಒಂದು ತೊಟ್ಟಿ ತುಂಬಿಸಾಕ ಆಗಂಗಿಲ್ಲೇನ್ರಿ?"

ಮಾತು ಕನಕರಾಜನಿಗೆ ಸರಿಯಾಗಿಯೇ ತಾಗಿತು. ಅವನು ಕಂಬಳಿದಿನ್ನಿಯ ನೀರಗಂಟಿ. ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ಕಾಲುವೆ ದಾಟಿ ಎಡಕ್ಕೆ ತಿರುಗಿದರೆ ಅವನ ಊರು. ಮೇಲಿನ ಓಣಿಗೆ ಒಂದು ದಿನ, ಕೆಳಗಿನ ಓಣಿಗೆ ಒಂದು ದಿನ ಪಾಳಿಯ ಪ್ರಕಾರ ವಾಲ್ವು ತಿರುವಿ ನಳಕ್ಕೆ ನೀರು ಬಿಡುವುದು ಅವನ ಕೆಲಸ. ಸೊಂಟದಲ್ಲಿ ಯಾವಾಗಲೂ ವಾಲ್ವು ತಿರುವುವ ಒಂದು ದೊಡ್ಡ ಪಾನಾ ಇರುತ್ತಿತ್ತು. ಅವನ ಕೈಯಲ್ಲಿ ತಿರುಗದ ವಾಲ್ವು ಇರಲಿಲ್ಲ. ಹೆಂಡತಿಯ ಮಾತು ತಿರುವಲು ಮಾತ್ರ ಅವನಿಗೆ ಬರುತ್ತಿರಲಿಲ್ಲ.

"ಮೊದಲು ಒಂದು ಟ್ರಯಲ್ ನೋಡೂಣು" ಅಂತ ಒಪ್ಪಿಕೊಂಡ. ಟ್ರಯಲ್ಲಿಗೆ ಭಾನುವಾರ ಗೊತ್ತಾಯಿತು.

ಈ ಸುದ್ದಿ ಇಬ್ಬರ ಕಿವಿಗೆ ಬೀಳಬಾರದಿತ್ತು. ಒಬ್ಬಳು ಅವನ ತಾಯಿ ಯಮನಮ್ಮ. ಐದು ಮಕ್ಕಳನ್ನು ಹಡೆದಾಕೆ, ಹೆರಿಗೆಯ ವಿಷಯದಲ್ಲಿ ಬೇರೆಯವರು ಬಾಯಿ ತೆರೆಯುವುದನ್ನು ಸಹಿಸುತ್ತಿರಲಿಲ್ಲ. ಇನ್ನೊಬ್ಬಳು ಊರಿನ ಆಶಾ ಕಾರ್ಯಕರ್ತೆ ಗಂಗಾದೇವಿ. ಹನ್ನೊಂದು ವರ್ಷದಿಂದ ಊರಿನ ಒಂದು ಹೆರಿಗೆಯೂ ಮನೆಯಲ್ಲಾಗದಂತೆ ಕಾದುಕೊಂಡು ಬಂದಾಕೆ.

ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಕನಕರಾಜ ಲಾಲ್‌ಸಾಬನ ಅಂಗಡಿಯ ಮುಂದಿದ್ದ. ನೀರು ತುಂಬುವ ಪ್ಲಾಸ್ಟಿಕ್ ಟಾಕಿಗಳು ಒಡೆದರೆ ತೇಪೆ ಹಾಕುವುದು ಲಾಲ್‌ಸಾಬನ ಕಸುಬು. ವಳಕಮದಿನ್ನಿಯ ರೈತನೊಬ್ಬ ಬಿತ್ತನೆಯ ಭತ್ತ ನೆನೆಸಲೆಂದು ಟಾಕಿಯೊಂದನ್ನು ಅಡ್ಡಕ್ಕೆ ಕೊಯ್ಯಿಸಿ, ಆಮೇಲೆ ಬೇಡವೆಂದು ಬಿಟ್ಟುಹೋದ ತೊಟ್ಟಿಯೊಂದು ಅಲ್ಲಿ ಬಿದ್ದಿತ್ತು. ಅಂಚು ನುಣ್ಣಗೆ ಉಜ್ಜಿತ್ತು. ಒಬ್ಬರು ಕಾಲು ಚಾಚಿ ಕೂರುವಷ್ಟು ಅಗಲ.

"ಎದಕ್ಕ ಬೇಕಾಗಿತ್ತು ಇದು?" ಅಂತ ಲಾಲ್‌ಸಾಬ್ ಕೇಳಿದ.

"ಹಿಂಗ, ಮನಿಗೆ."

ಲಾಲ್‌ಸಾಬ್ ತೊಟ್ಟಿಯನ್ನು ತಟ್ಟಿ ನೋಡಿ ತಾನೇ ಉತ್ತರ ಹುಡುಕಿಕೊಂಡ. "ಎಮ್ಮಿಗೆ ಬರೋಬ್ಬರಿ ಅಕ್ಕೈತಿ ಬಿಡು. ತಗೊಂಡು ಹೋಗು, ಕೆಲಸ ಮುಗದ ಮ್ಯಾಲೆ ತಂದು ಇಡು."

ಸುಳ್ಳು ಹುಡುಕಲು ಹೊರಟವನಿಗೆ ದಾರಿಯಲ್ಲೇ ಒಂದು ಸಿದ್ಧ ಸುಳ್ಳು ಸಿಕ್ಕಿತು. ಕನಕರಾಜ ತೊಟ್ಟಿಯನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತ. ಅದು ಅವನ ಸೊಂಟದವರೆಗೆ ಇಳಿಯಿತು. ನೋಡಿದವರಿಗೆ ತೊಟ್ಟಿಯೊಂದು ಎರಡು ಕಾಲು ಮೂಡಿಸಿಕೊಂಡು ತಾನೇ ಮನೆ ಹುಡುಕುತ್ತ ಹೊರಟಂತೆ ಕಾಣುತ್ತಿತ್ತು. ಒಳಗಿದ್ದವನಿಗೆ ತನ್ನ ಚಪ್ಪಲಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹನುಮಪ್ಪನ ಕಟ್ಟೆಯ ಹತ್ತಿರ ಬರುವಾಗ ಯಾರಿಗೋ ಢೀ ಕೊಟ್ಟ.

"ಯಾರಪಾ ಒಳಗ?" ಅಂತ ಹೊರಗಿನ ದನಿ ಕೇಳಿತು. ಅದು ಪಕೀರಪ್ಪನದು. ದನಕರುಗಳ ರೋಗ, ಸುಳಿ, ಸೂಲು ಎಲ್ಲದರಲ್ಲೂ ಊರಿಗೇ ಬಲ್ಲವ.

"ನಾ, ಕಾಕಾ. ಕನಕ."

"ಇದೇನು ಹೊತ್ತಿ?"

"ಎಮ್ಮಿಗೆ ತೊಟ್ಟಿ."

"ಎಮ್ಮಿ ತಂದೇನು? ಒಂದು ಮಾತು ಹೇಳಬಾರದ? ಎಲ್ಲಿಂದ ತಂದಿ?"

ಕತ್ತಲೆಯ ತೊಟ್ಟಿಯೊಳಗೆ ನಿಂತು ಹೊಸ ಸುಳ್ಳು ಕಟ್ಟುವುದು ಕನಕರಾಜನಿಂದ ಆಗಲಿಲ್ಲ. ಕೇಳಿದ್ದಕ್ಕೆ ತಲೆಯಲ್ಲಿದ್ದುದನ್ನೇ ಹೇಳಿದ.

"ಲಿಂಗಸುಗೂರಿಂದ."

"ಗಬ್ಬ ಐತೇನು?"

"ಹೂಂ. ಇನ್ನ ಎಂಟು ದಿನ ಅಂದಾರ."

"ಎಷ್ಟನೇ ಸೂಲು?"

"ಎರಡನೇದು."

"ಗುಣ ಹ್ಯಾಂಗ?"

"ಗುಣ ಛಲೋ ಐತಿ, ಕಾಕಾ. ಸಿಟ್ಟು ಬಂದ್ರ ಮಾತ್ರ ಮಾತಾಡಂಗಿಲ್ಲ."

ಪಕೀರಪ್ಪ ಹೊರಗಿನಿಂದ ತೊಟ್ಟಿಯನ್ನು ಎರಡು ಸಲ ತಟ್ಟಿದ. "ಮಾತಾಡೋ ಎಮ್ಮಿ ನಾನೂ ನೋಡಿಲ್ಲ ಬಿಡು" ಅಂದು ಸರಸರ ಮುಂದೆ ನಡೆದ.

ತೊಟ್ಟಿ ಹೊತ್ತವನಿಗಿಂತ ಸುದ್ದಿ ಹೊತ್ತವನ ನಡಿಗೆ ಜೋರು. ಕನಕರಾಜ ಮನೆ ಮುಟ್ಟುವ ಹೊತ್ತಿಗೆ ಯಮನಮ್ಮ ಬಾಗಿಲಲ್ಲಿ ಸೆರಗು ಸಿಕ್ಕಿಸಿ ನಿಂತಿದ್ದಳು. ಎಷ್ಟೋ ವರ್ಷದಿಂದ ಮನೆಯಲ್ಲಿ ಹೈನು ಇರಲಿಲ್ಲ. ಮಗ ಹೇಳದೆ ಕೇಳದೆ ಎಮ್ಮೆ ತಂದಿದ್ದಾನೆ ಅನ್ನುವುದು ಅವಳಿಗೆ ಹಿಗ್ಗು ತಂದಿತ್ತು.

"ಬಾಣಂತಿ ಹಾಲು ಕುಡೀಲಿ ಅಂತ ತಂದಿ, ಹೌದಿಲ್ಲೊ? ನನಗ ಹೇಳಿದ್ರ ನಾ ಏನು ಬ್ಯಾಡ ಅಂತಿದ್ನೇನು? ಎಮ್ಮಿ ಎಲ್ಲಿ?"

"ಬರತೈತಿ, ಯವ್ವಾ. ಹಿಂದಿಂದ."

ತೊಟ್ಟಿಯನ್ನು ಓರೆ ಮಾಡಿ ಬಾಗಿಲಲ್ಲಿ ತೂರಿಸಿ ಹಿಂದಿನ ಕ್ವಾಣೆಯೊಳಗೆ ತಂದಿಟ್ಟ. ದೀಪಿಕಾ ಅಲ್ಲಿ ಗೋಡೆಗೊರಗಿ ಕೂತಿದ್ದಳು. ಅವಳು ತೊಟ್ಟಿಯನ್ನೂ ನೋಡಿದಳು, ಗಂಡನನ್ನೂ ನೋಡಿದಳು.

"ಪಕೀರಪ್ಪ ಮಾವ ಹೇಳಿ ಹೋದರು. ಲಿಂಗಸುಗೂರಿಂದ ತಂದದ್ದಂತ. ಎರಡನೇ ಸೂಲಂತ. ಎಂಟು ದಿನ ಉಳಿದಾವಂತ. ಯಾವ ಎಮ್ಮಿ ರೀ ಅದು?"

ಕನಕರಾಜ ಬೆವರೊರಸಿಕೊಂಡ. "ಬಾಯಿಗೆ ಬಂದದ್ದು ಹೇಳಿಬಿಟ್ಟೆ, ದೀಪಾ."

"ಸಿಟ್ಟು ಬಂದ್ರ ಮಾತಾಡಂಗಿಲ್ಲಂತಲ್ಲ" ಅಂದಳು ದೀಪಿಕಾ. ಆಮೇಲೆ ಮಾತಾಡಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮಾರೆಮ್ಮ ಗೋಡೆಯ ಮೇಲಿಂದ ಮುಚ್ಚಳದ ಸ್ಟೀಲ್ ಡಬ್ಬಿಯೊಂದನ್ನು ಚಾಚಿದಳು. ಎಮ್ಮೆ ಈದ ಮೇಲೆ ಗಿಣ್ಣದ ಹಾಲು ಮೊದಲು ತಮ್ಮ ಮನೆಗೇ ಬರಬೇಕೆಂದು ಯಮನಮ್ಮನಿಂದ ಮಾತು ತೆಗೆದುಕೊಂಡಿದ್ದಳು. ಮಾರೆಮ್ಮ ಕೊಟ್ಟದ್ದನ್ನು ಎದುರು ಮನೆಯವರು ಕಂಡರು. ಒಂಬತ್ತು ಗಂಟೆಯ ಹೊತ್ತಿಗೆ ಮುಂದಿನ ಕಟ್ಟೆಯ ಮೇಲೆ ಹನ್ನೊಂದು ಡಬ್ಬಿ, ಎರಡು ತಂಬಿಗೆ, ಒಂದು ಟಿಫಿನ್ ಕ್ಯಾರಿಯರು ಸಾಲಾಗಿ ಕೂತಿದ್ದವು. ಪ್ರತಿಯೊಂದಕ್ಕೂ ಹೆಸರು ಬರೆದ ಚೀಟಿ ಅಂಟಿಸಿತ್ತು.

ಟ್ರಯಲ್ ಬಿಟ್ಟುಬಿಡುವುದು ಒಳ್ಳೆಯದೆಂದು ಕನಕರಾಜನಿಗೆ ಅನ್ನಿಸಿತು. ಆದರೆ ಕ್ವಾಣೆಯಲ್ಲಿ ಮಾತು ಬಿಟ್ಟು ಕೂತವಳ ಮುಖ ನೋಡಿ, ತುಂಬಿಸಿಯೇ ತೀರಬೇಕೆಂದುಕೊಂಡ. ತುಂಬಿಸಲು ನೀರು ಬೇಕು. ಆವತ್ತು ಕೆಳಗಿನ ಓಣಿಯ ಪಾಳಿ. ಅವನ ಮನೆ ಇದ್ದದ್ದು ಮೇಲಿನ ಓಣಿಯಲ್ಲಿ.

ಹದಿನಾಲ್ಕು ವರ್ಷದ ನೌಕರಿಯಲ್ಲಿ ಕನಕರಾಜ ಒಂದು ಸಲವೂ ಪಾಳಿ ತಪ್ಪಿಸಿದವನಲ್ಲ. ವಾಲ್ವಿನ ಹತ್ತಿರ ಹೋಗಿ ಅತ್ತಿತ್ತ ನೋಡಿ, 'ಹತ್ತೇ ನಿಮಿಷ' ಅಂತ ತನಗೆ ತಾನೇ ಹೇಳಿಕೊಂಡು ಮೇಲಿನ ಓಣಿಗೆ ನೀರು ತಿರುವಿದ.

ಮನೆಯ ನಳಕ್ಕೆ ಪೈಪು ಹಚ್ಚಿ ತೊಟ್ಟಿಗೆ ಬಿಟ್ಟ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಎರಡು ತಾಮ್ರದ ಹಂಡೆ ಏರಿಸಿ ಬೆಂಕಿ ಹಚ್ಚಿದ. ಹಸಿ ಜಾಲಿಯ ಕಟ್ಟಿಗೆ. ಹೊಗೆ ಮಿಲ್ಲಿನ ಚಿಮಣಿಯ ಹಾಗೆ ಎದ್ದಿತು. ಯಮನಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು.

"ಇದು ಯಾರಿಗೆ?"

"ಎಮ್ಮಿ ಮೈ ತೊಳ್ಯಾಕ."

"ಬಿಸಿನೀರಾಗ?"

"ಲಿಂಗಸುಗೂರ ಕಡಿ ಎಮ್ಮಿ, ಯವ್ವಾ. ರೂಢಿ ಆಗೇತಿ."

"ನಾ ಹುಟ್ಟಿ ಅರವತ್ತೆಂಟು ವರ್ಷ ಆತು. ಕ್ವಾಣ್ಯಾಗ ಕುಂತು ಬಿಸಿನೀರು ಮೈಮ್ಯಾಲೆ ಹಾಕ್ಕೊಳ್ಳೋ ಎಮ್ಮಿ ನೋಡಿಲ್ಲ" ಅಂದು ಯಮನಮ್ಮ ಒಳಗೆ ಹೋದಳು. ನಂಬಿದಳೋ ಇಲ್ಲವೋ ಅವಳ ಬೆನ್ನು ನೋಡಿ ಹೇಳುವ ಹಾಗಿರಲಿಲ್ಲ.

ನೀರು ಮೈಯಷ್ಟೇ ಬೆಚ್ಚಗಿರಬೇಕೆಂದು ವಿಡಿಯೊದಲ್ಲಿ ಹೇಳಿತ್ತು. ಕನಕರಾಜ ಬಿಸಿನೀರು ತಂದು ಸುರಿದು, ಜ್ವರ ನೋಡುವ ಥರ್ಮಾಮೀಟರನ್ನು ತೊಟ್ಟಿಯಲ್ಲಿ ಅದ್ದಿ, ಎತ್ತಿ ಕಣ್ಣ ಹತ್ತಿರ ಹಿಡಿದ.

"ನೂರಾ ಮೂರು" ಅಂದ ಗಂಭೀರವಾಗಿ. "ನೀರಿಗೆ ಜ್ವರ ಬಂದಾವ."

ದೀಪಿಕಾ ತಡೆದುಕೊಂಡಳು, ತುಟಿ ಕಚ್ಚಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನೆರಡು ಕೊಡ ತಣ್ಣೀರು ಬಿದ್ದ ಮೇಲೆ ತೊಟ್ಟಿಯ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕೂತು ಕಾಲನ್ನು ಮೊಣಕಾಲಿನವರೆಗೆ ನೀರಲ್ಲಿ ಇಳಿಬಿಟ್ಟಳು. ಒಂಬತ್ತು ತಿಂಗಳ ಭಾರಕ್ಕೆ ಬಾತ ಪಾದಗಳಿಗೆ ಆ ಬೆಚ್ಚಗಿನ ನೀರು ತಾಗಿದಾಗ ಅವಳ ಕಣ್ಣು ತಾವಾಗಿಯೇ ಮುಚ್ಚಿದವು.

"ರೀ, ಹಿತ ಆಕತ್ತೈತಿ" ಅಂದಳು.

ಅಷ್ಟು ಕೇಳಿದ್ದೇ ಕನಕರಾಜ ವಾಲ್ವನ್ನು ಮರೆತ. ಹತ್ತು ನಿಮಿಷ ನಲವತ್ತಾಯಿತು.

ಪಾಳಿಯಿಲ್ಲದ ದಿನ ನಳದಲ್ಲಿ ನೀರು ಬಂದದ್ದು ಕಂಡು ಮೇಲಿನ ಓಣಿಯವರು ಮನೆಯಲ್ಲಿದ್ದ ಚಮಚ ಬಿಟ್ಟು ಉಳಿದೆಲ್ಲವನ್ನೂ ತುಂಬಿಸಿಕೊಳ್ಳುತ್ತಿದ್ದರು. ಕೆಳಗಿನ ಓಣಿಯಲ್ಲಿ ನೀರು ದಾರದಷ್ಟಾಗಿ, ಹನಿಯಾಗಿ, ಕೊನೆಗೆ ನಳ ಬರೀ ಕೆಮ್ಮಿತು. ಅಲ್ಲಿಯ ಪಂಚಾಯಿತಿ ಮೆಂಬರು ನರಸಣ್ಣ ಖಾಲಿ ಕೊಡ ಹಿಡಿದ ಮೂವತ್ತು ಹೆಂಗಸರನ್ನು ಹಿಂದಿಟ್ಟುಕೊಂಡು ಕನಕರಾಜನ ಮನೆಯ ಮುಂದೆ ಬಂದು ನಿಂತ.

"ಇವತ್ತು ಯಾರ ಪಾಳಿ, ಕನಕ?"

ಕನಕರಾಜ ಒದ್ದೆ ಕೈಯಲ್ಲೇ ಹೊರಗೆ ಬಂದ. "ನಿಮ್ಮದು, ನರಸಣ್ಣ."

"ಮತ್ತ ನೀರು ಯಾರ ಮನಿಗೆ ಹೋಗಾಕತ್ತೈತಿ?"

ಮಾರೆಮ್ಮ ತನ್ನ ಗೋಡೆಯ ಮೇಲಿಂದ ಉತ್ತರ ಕೊಟ್ಟಳು. "ಅವನ ಎಮ್ಮಿ ಈಯಾಕ ಬಂದೈತಿ. ಬಾಯಿಲ್ಲದ ಜೀವಕ್ಕ ನಾಲ್ಕು ಕೊಡ ನೀರು ಹೋದ್ರ ನಿಮ್ಮ ಗಂಟೇನು ಹೋತು?"

"ಎಮ್ಮಿ ತೋರಸ್ರಿ ಹಂಗಾರ" ಅಂದ ನರಸಣ್ಣ. "ನೋಡಿ ಹೋಗ್ತೀವಿ."

"ಖರೆ, ನನಗೂ ತೋರಿಸು" ಅಂತ ಪಕೀರಪ್ಪ ಗುಂಪಿನೊಳಗಿಂದ ಬಂದ. ಅವನ ಕೈಯಲ್ಲಿ ಬೆಲ್ಲ, ಶುಂಠಿ ಹಾಕಿ ಕುದಿಸಿದ ಸಜ್ಜೆಯ ಗಂಜಿ, ಒಂದು ಬಕೀಟು ತುಂಬ ಇತ್ತು. "ಈಯೋ ಮುಂದ ಇದು ಕುಡಸಬೇಕು. ಎಲ್ಲಿ ಕಟ್ಟಿ? ಕೊಟ್ಟಿಗ್ಯಾಗ ಕಾಣವಲ್ದು."

ಆಗ ಗಂಗಾದೇವಿಯ ಸ್ಕೂಟಿ ಬಂದು ನಿಂತಿತು. ಹೊಗೆ, ಗುಂಪು, ಕುದಿಯುವ ಹಂಡೆಗಳ ಸುದ್ದಿ ಮೂರೂ ಕೂಡಿ ಆಕೆಯನ್ನು ಅರ್ಧ ನಾಷ್ಟಾದಿಂದ ಎಬ್ಬಿಸಿದ್ದವು.

"ಬ್ಯಾನಿ ಸುರು ಆಗಿ ಎಷ್ಟೊತ್ತಾತು?" ಅಂತ ಕೇಳಿದಳು.

"ಎಮ್ಮಿಗೇನ್ರಿ?" ಅಂದರು ನಾಲ್ಕು ಮಂದಿ ಒಟ್ಟಿಗೆ.

ಗಂಗಾದೇವಿ ಅವರಿಗೆ ಉತ್ತರಿಸದೆ ಒಳಗೆ ಹೋದಳು. ಒಂದು ನಿಮಿಷದ ಮೇಲೆ ಹೊರಗೆ ಬಂದು ಕನಕರಾಜನ ಮುಖವನ್ನೇ ನೋಡಿದಳು. "ಕನಕಣ್ಣ, ಎಮ್ಮಿ ಎಲ್ಲಿ ಐತಿ ಅಂತ ನೀನ ಹೇಳತಿಯೋ, ನಾ ಹೇಳಲೋ?"

ಎರಡು ಓಣಿಯ ಜನರ ನಡುವೆ ಕನಕರಾಜ ಪಾನಾ ಹಿಡಿದು ನಿಂತಿದ್ದ. ತಪ್ಪಿಸಿಕೊಳ್ಳಲು ಮೇಲೆ ಹಾಕಿಕೊಳ್ಳುವ ತೊಟ್ಟಿಯೂ ಈಗ ನೀರು ತುಂಬಿ ಕೂತಿತ್ತು.

"ಎಮ್ಮಿ ಇಲ್ರಿ" ಅಂದ ನೆಲ ನೋಡುತ್ತ. "ಅದು ನನ್ನ ಹೆಂಡ್ತಿ. ಬಿಸಿನೀರಾಗ ಕುಂತು ಹಡೀತೀನಿ ಅಂದಳು. ಟ್ರಯಲ್ ನೋಡಾಕತ್ತಿದ್ವಿ."

ಮೂವತ್ತು ಹೆಂಗಸರೂ ಕೊಡ ಕೆಳಗಿಟ್ಟರು.

"ಹಂಗಾರ ಈ ಗಂಜಿ?" ಅಂತ ಪಕೀರಪ್ಪ ಬಕೀಟು ನೋಡಿದ.

ಮೊದಲು ನಕ್ಕವಳು ನರಸಣ್ಣನ ಹಿಂದಿದ್ದ ಹೆಂಗಸು. ಅಲ್ಲಿಂದ ನಗೆ ಕೊಡದಿಂದ ಕೊಡಕ್ಕೆ ಹತ್ತಿ ಇಡೀ ಓಣಿ ನಕ್ಕಿತು. ಮಾರೆಮ್ಮ ಗೋಡೆ ಇಳಿದು ಬಂದು ಹದಿನಾಲ್ಕರಲ್ಲಿ ತನ್ನ ಡಬ್ಬಿಯನ್ನು ಹುಡುಕಿ ಎತ್ತಿಕೊಂಡಳು. ಯಮನಮ್ಮ ಒಬ್ಬಳೇ ನಗಲಿಲ್ಲ. "ಐದು ಮಂದೀನ ಹಡದೀನಿ. ನನ್ನ ಸಲುವಾಗಿ ಇಷ್ಟು ಮಂದಿ ಕೂಡಿರಲಿಲ್ಲ" ಅಂದು ಕಂಬಕ್ಕೆ ಒರಗಿದಳು.

ಒಳಗೆ ದೀಪಿಕಾ ಇನ್ನೂ ಕಾಲು ನೀರಲ್ಲಿಟ್ಟುಕೊಂಡೇ ಕೂತಿದ್ದಳು. ಹೊರಗಿನ ನಗೆ ಕೇಳಿ ಅವಳ ಕಣ್ಣು ತುಂಬಿದ್ದವು. ಗಂಗಾದೇವಿ ಬಾಗಿಲು ಮುಂದೆ ಮಾಡಿ ಅವಳ ಪಕ್ಕ ಕೂತಳು.

"ನಗೂದು ಇರಲಿ. ನಿನಗ ಯಾಕ ಹಿಂಗ ಅನಸ್ತು, ಹೇಳು."

"ಅಕ್ಕಾರ, ನೋವಿನ ಅಂಜಿಕಿ ಇಲ್ಲ ನನಗ. ಇನ್ನ ಎಷ್ಟೊತ್ತು, ಇನ್ನ ಎಷ್ಟೊತ್ತು ಅಂಬೋ ಅಂಜಿಕಿ. ಹೋದ ಸಲ ಎರಡು ದಿನ ಅದನ್ನ ಕೇಳಿದೆ. ವಿಡಿಯೊದಾಗ ಒಬ್ಬ ಹೆಣ್ಮಗಳು ನೀರಾಗ ಹಡಿಯೋ ಮುಂದ ನಗಾಕತ್ತಿದ್ಲು ನೋಡ್ರಿ. ನನಗೂ ನಕ್ಕೋಂತ ಹಡೀಬೇಕು ಅನಸ್ತು."

ಗಂಗಾದೇವಿ ಅವಳ ತಣ್ಣಗಿನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. "ಬಿಸಿನೀರು ನೋವಿಗೆ ಹಿತ. ಅದು ಸುಳ್ಳಲ್ಲ. ಆದ್ರ ಆ ವಿಡಿಯೊದಾಗ ಆಕಿ ಹಿಂದ ಕಲತ ನರ್ಸು ನಿಂತಿರತಾಳ, ಬಾಗಿಲದಾಗ ಗಾಡಿ ನಿಂತಿರತೈತಿ. ಅವೆರಡೂ ನಮಗ ಕಾಣಂಗಿಲ್ಲ. ನಾಳೆ ನಿನಗ ರಕ್ತ ಹೋಗಾಕತ್ರ ಕನಕಣ್ಣನ ಪಾನಾದ್ಲೆ ಬಂದ್ ಮಾಡಾಕ ಬರತೈತೇನು?"

ದೀಪಿಕಾ ನೀರಿನಿಂದ ಒಂದು ಕಾಲು ಹೊರಗೆ ತೆಗೆದಳು. "ಇಲ್ಲ" ಅಂದಳು.

"ಹಡಿಯೋದು ದವಾಖಾನ್ಯಾಗ. ಕಾಲು ಬಾತ್ರ ಈ ನೀರಾಗ ಇಡು, ಬ್ಯಾಡ ಅನ್ನಂಗಿಲ್ಲ."

"ನೀವು ನನ್ನ ಕೂಡ ಒಳಗ ಇರತೀರೇನು? ಕೈ ಬಿಡಬಾರದು."

"ಬಿಡಂಗಿಲ್ಲ."

ಹೊರಗೆ ನರಸಣ್ಣ ನಕ್ಕು ಮುಗಿಸಿ ಮತ್ತೆ ಪಾಳಿಯ ಮಾತಿಗೆ ಬಂದಿದ್ದ. ನಲವತ್ತು ನಿಮಿಷದ ನೀರಿಗೆ ಬದಲು ಒಂದು ತಾಸು ಬೇಕೆಂದು ಅವನ ವಾದ. ಮೇಲಿನ ಓಣಿಯವರು ಮುಕ್ಕಾಲು ತಾಸಿಗೆ ಬಂದು ನಿಂತಿದ್ದರು. ಆಗಲೇ ವಾಲ್ವು ಕೆಳಗಿನ ಓಣಿಗೆ ತಿರುವಿ ಬಂದಿದ್ದ ಕನಕರಾಜ ಇಬ್ಬರಿಗೂ ಹೂಂ ಅನ್ನುತ್ತಿದ್ದ. ಅಷ್ಟರಲ್ಲಿ ಒಳಗಿಂದ ದೀಪಿಕಾಳ ದನಿ ಬಂತು.

"ರೀ, ನೀರು ಹೋಗಾಕತ್ತೈತಿ."

ಹದಿನಾಲ್ಕು ವರ್ಷದಿಂದ ಈ ಮಾತು ಕೇಳಿದರೆ ಕನಕರಾಜನ ಕೈಕಾಲು ತಾವಾಗಿ ಓಡುತ್ತಿದ್ದವು. ಪಾನಾ ಹಿಡಿದು ನಳದ ಹತ್ತಿರ ಓಡಿದ. ನಳ ಬಂದ್ ಆಗಿತ್ತು. ಪೈಪಿನ ಉದ್ದಕ್ಕೂ ಕೈಯಾಡಿಸಿದ. ಕ್ವಾಣೆಯ ಬಾಗಿಲಲ್ಲಿ ಬಗ್ಗಿ ತೊಟ್ಟಿಯ ತಳ ಮುಟ್ಟಿ ನೋಡಿದ.

"ಎಲ್ಲೂ ಲೀಕಿಲ್ಲಲ್ಲ, ದೀಪಾ. ಜಾಯಿಂಟ್ ಎಲ್ಲ ಬರೋಬ್ಬರಿ ಅದಾವ."

ಗಂಗಾದೇವಿ ಎದ್ದು ಬಂದು ಅವನ ಕೈಯಿಂದ ಪಾನಾ ತೆಗೆದುಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ. "ಕನಕಣ್ಣ, ಈ ನೀರು ನೀ ಬಂದ್ ಮಾಡೋದಲ್ಲ. ಎಂಟು ದಿನದ್ದು ಇವತ್ತ ಬಂದೈತಿ. ಗಾಡಿಗೆ ಫೋನ್ ಮಾಡೀನಿ. ಆಕಿ ಚೀಲ ತಗೊ."

ಆಗ ಅವನಿಗೆ ತಿಳಿಯಿತು. ಹೋಗಿ ಪಕೀರಪ್ಪನ ಗಂಜಿಯ ಬಕೀಟಿನ ಪಕ್ಕ ಕೂತುಬಿಟ್ಟ. ಪಕೀರಪ್ಪ ಒಂದು ಲೋಟ ಗಂಜಿ ಕುಡಿಸಿ ಅವನನ್ನು ಎಬ್ಬಿಸಿದ.

ಆಂಬುಲೆನ್ಸು ಓಣಿಯ ಬಾಯಿಗೆ ಬಂದು ನಿಂತಿತು. ಒಳಗೆ ಬರಲು ದಾರಿಯಿಲ್ಲ. ಮೇಲಿನ ಓಣಿಯ ತುಂಬಿದ ಕೊಡಗಳು, ಕೆಳಗಿನ ಓಣಿಯ ಖಾಲಿ ಕೊಡಗಳು ಅಡಿಗಡಿಗೆ ಇದ್ದವು. ನರಸಣ್ಣ ಒಂದೇ ಮಾತು ಹೇಳಿದ, "ಎತ್ರಿ." ಯಾರ ಕೊಡವನ್ನು ಯಾರು ಎತ್ತಿದರೋ ತಿಳಿಯಲಿಲ್ಲ. ಒಂದು ನಿಮಿಷದಲ್ಲಿ ದಾರಿ ಬಯಲಾಯಿತು. ಮಾರೆಮ್ಮ ದೀಪಿಕಾಳ ಒಂದು ರಟ್ಟೆ ಹಿಡಿದಳು, ಗಂಗಾದೇವಿ ಇನ್ನೊಂದು ಹಿಡಿದಳು. ಯಮನಮ್ಮ ಬಾಗಿಲಲ್ಲೇ ನಿಂತು ಸೊಸೆಯ ನೆತ್ತಿಗೆ ಒಂದು ಅಂಗೈ ಎಣ್ಣೆ ಒತ್ತಿದಳು.

"ನೀವು ನಡೀರಿ. ನಾ ಒಲಿ ಆರಿಸಿ, ಕ್ವಾಣಿ ಸಾರಸ್ತೀನಿ. ಬಾಣಂತಿ ಬರೂದ್ರಾಗ ಬೆಚ್ಚಗ ಇರಬೇಕು" ಅಂದಳು.

ಸಿಂಧನೂರಿನ ದಾರಿಯ ತುಂಬ ಭತ್ತದ ಟ್ರ್ಯಾಕ್ಟರುಗಳು. ಪ್ರತಿ ಟ್ರ್ಯಾಕ್ಟರು ದಾರಿ ಬಿಡುವಾಗಲೂ ಕನಕರಾಜ ಒಳಗಿಂದ ಕೈ ಮುಗಿಯುತ್ತಿದ್ದ, ಆ ಕೈಗಳ ನಡುವೆ ಪಾನಾ ಇರುತ್ತಿತ್ತು. ದೀಪಿಕಾ ಒಂದು ಸಲ ಜೋರಾಗಿ ಮುಲುಗಿ, ಆಮೇಲೆ ಅವನ ಕಡೆ ನೋಡಿ, "ಅದನ್ನ ಕೆಳಗಿಡ್ರಿ, ನನಗ ನಗು ಬರತೈತಿ" ಅಂದಳು. ಮುಂದಿನ ನೋವು ಬರುವವರೆಗೆ ನಿಜವಾಗಿಯೂ ನಗುತ್ತಿದ್ದಳು.

ಸರಕಾರಿ ದವಾಖಾ‌ನೆಯಲ್ಲಿ ಅವಳನ್ನು ನೇರ ಒಳಗೆ ಕರೆದೊಯ್ದರು. ಗಂಗಾದೇವಿ ಹೇಳಿದ ಹಾಗೆ ಕೈ ಹಿಡಿದುಕೊಂಡೇ ಹೋದಳು. ಕನಕರಾಜ ಮಾರೆಮ್ಮನ ಪಕ್ಕ ಬೆಂಚಿನ ಮೇಲೆ ಕೂತ. ಹೋದ ಸಲದ ಹಾಗೆ ಎರಡು ದಿನ ಕಾಯಲು ಮನಸ್ಸು ಗಟ್ಟಿ ಮಾಡಿಕೊಂಡು, ಚಹಾ ತರಲೆಂದು ಎದ್ದು ಹೊರಟ. ಅಂಗಡಿಯವ ಲೋಟಕ್ಕೆ ಚಹಾ ಬಗ್ಗಿಸುವಷ್ಟರಲ್ಲಿ ಮಾರೆಮ್ಮ ಹಿಂದಿನಿಂದ ಕರೆದಳು. ದೀಪಿಕಾ ಒಳಗೆ ಹೋಗಿ ನಲವತ್ತೇ ನಿಮಿಷವಾಗಿತ್ತು.

ಹೆಣ್ಣು ಕೂಸು. ಮೂರು ಕೆಜಿ ತೂಕ. ಬಿಳಿ ಬಟ್ಟೆಯೊಳಗಿಂದ ಅದು ಇಡೀ ವಾರ್ಡಿಗೆ ಕೇಳುವ ಹಾಗೆ ಅಳುತ್ತಿತ್ತು. ದೀಪಿಕಾ ಮಲಗಿದಲ್ಲಿಂದಲೇ ಗಂಡನನ್ನು ನೋಡಿದಳು. ಅವಳ ಮುಖದಲ್ಲಿ ದಣಿವಿಗಿಂತ ಬೆರಗು ಹೆಚ್ಚಿತ್ತು.

"ಮುಗೀತಂತ ರೀ" ಅಂದಳು. "ಇನ್ನ ಎಷ್ಟೊತ್ತು ಅಂತ ಕೇಳಬೇಕು ಅನ್ನೂದ್ರಾಗ ಮುಗದೇ ಹೋತು."

ಕನಕರಾಜ ಕೂಸನ್ನು ಎತ್ತಿಕೊಂಡ. ಅಷ್ಟು ಹಗುರವಾದದ್ದನ್ನು ಹಿಡಿದು ಅವನ ಕೈಗೆ ರೂಢಿಯಿರಲಿಲ್ಲ. ಕಣ್ಣೀರು ಒರೆಸಲು ಕೈ ಬಿಡುವಿಲ್ಲದೆ ಮಾರೆಮ್ಮನ ಸೆರಗಿಗೆ ಮುಖ ಒಡ್ಡಿದ.

ಮಧ್ಯಾಹ್ನ ಲಿಂಗಸುಗೂರಿನಿಂದ ದೀಪಿಕಾಳ ತಾಯಿ ತನ್ನ ಹತ್ತಿರವಿದ್ದ ದೊಡ್ಡ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಸಂಜೆ ನಾಲ್ಕರ ಹೊತ್ತಿಗೆ ಕನಕರಾಜ ಬಟ್ಟೆ, ಕುಲಾಯಿ ತರಲು ಊರಿಗೆ ಹೊರಟ. ದೀಪಿಕಾ ಅವನನ್ನು ಹತ್ತಿರ ಕರೆದಳು.

"ಹಂಗ ಆ ತೊಟ್ಟಿ ಲಾಲ್‌ಸಾಬಣ್ಣಗ ಮುಟ್ಟಿಸಿ ಬರ್ರಿ. ಸಾಕು ಅದರ ಸಹವಾಸ."

"ಇವತ್ತ ಕೊಟ್ಟು ಬರ್ತೀನಿ" ಅಂದ ಕನಕರಾಜ.

ಬಸ್ಸಿನ ಕಿಟಕಿಯಲ್ಲಿ ಗಾಳಿ ಬರುತ್ತಿತ್ತು. ಎರಡೂ ಕಡೆ ಹಸಿರು ಗದ್ದೆ, ಕಾಲುವೆಯಲ್ಲಿ ನೀರು. ಕನಕರಾಜ ಮನಸ್ಸಿನಲ್ಲೇ ಲೆಕ್ಕ ಹಾಕಿದ: ಹೆಂಡತಿ ಚೆನ್ನಾಗಿದ್ದಾಳೆ, ಕೂಸು ಚೆನ್ನಾಗಿದೆ, ಎಮ್ಮೆಯ ಸುಳ್ಳು ತೀರಿತು, ನರಸಣ್ಣನಿಗೆ ಒಂದು ತಾಸು ಹೆಚ್ಚಿಗೆ ನೀರು ಬಿಟ್ಟರೆ ಅದೂ ತೀರಿತು. ತೊಟ್ಟಿ ವಾಪಸು ಹೋದರೆ ನಾಳೆಯಿಂದ ಎಂದಿನ ಹಾಗೆ ಒಂದು ದಿನ ಮೇಲಿನ ವಾಲ್ವು, ಒಂದು ದಿನ ಕೆಳಗಿನ ವಾಲ್ವು. ಸೀಟಿಗೊರಗಿ ಸಣ್ಣಗೆ ನಿದ್ದೆ ಹೋದ.

ಓಣಿಯಲ್ಲಿ ಪೇಢೆ ಹಂಚುತ್ತ ಮನೆಗೆ ಬಂದ. ಹಿತ್ತಲ ಕಡೆಯಿಂದ ಹೊಗೆ ಇನ್ನೂ ಏಳುತ್ತಿತ್ತು. ಒಲೆ ಆರಿಸುತ್ತೇನೆ ಅಂದ ತಾಯಿ ಮರೆತಳೇನೋ ಅಂದುಕೊಂಡು ಒಳಗೆ ನಡೆದ. ಕ್ವಾಣೆಯ ಬಾಗಿಲು ಮುಚ್ಚಿತ್ತು. ಹೊರಗೆ ಹೆಂಗಸರ ಚಪ್ಪಲಿ ಒಂಬತ್ತು ಜೊತೆ ಬಿದ್ದಿದ್ದವು. ಗಾಬರಿಯಿಂದ ಬಾಗಿಲು ತಳ್ಳಿದ.

ಯಮನಮ್ಮ ಉಟ್ಟ ಸೀರೆಯಲ್ಲೇ ತೊಟ್ಟಿಯೊಳಗೆ ಎದೆಮಟ ನೀರಲ್ಲಿ ಕಾಲು ಚಾಚಿ ಕೂತಿದ್ದಳು. ಕಣ್ಣು ಮುಚ್ಚಿದ್ದವು. ಗೋಡೆಗುಂಟ ಎಂಟು ಮುದುಕಿಯರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸಾಲಾಗಿ ಕೂತಿದ್ದರು. ನಾಲ್ವರು ಮೇಲಿನ ಓಣಿಯವರು, ನಾಲ್ವರು ಕೆಳಗಿನ ಓಣಿಯವರು. ಅವರಲ್ಲಿ ಮೂವರ ಸೀರೆ ಆಗಲೇ ಒದ್ದೆಯಾಗಿದ್ದವು.

ಯಮನಮ್ಮ ಕಣ್ಣು ತೆರೆಯದೆ ಕೇಳಿದಳು. "ಏನು ಹುಟ್ಟಿತು?"

"ಹೆಣ್ಣು, ಯವ್ವಾ. ಇಬ್ಬರೂ ಆರಾಮ ಅದಾರ."

"ಛಲೋ ಆತು. ಲಕ್ಷ್ಮೀ ಬಂದ್ಲು. ಬಾಗಿಲಾ ಮುಚ್ಚು, ಗಾಳಿ ಬರತೈತಿ."

"ಇದೇನು, ಯವ್ವಾ?"

"ನೀರು ಚೆಲ್ಲಬೇಕಂತ ಬಂದೆ. ಇಷ್ಟು ಕಾಸಿದ ನೀರು ಸುಮ್ನ ಯಾಕ ಚೆಲ್ಲಬೇಕಂತ ಒಂದು ಕಾಲು ಇಟ್ಟೆ. ಮೊಣಕಾಲು ಹಿಡದದ್ದು ಬಿಡ್ತು ನೋಡು. ಇನ್ನೊಂದು ಕಾಲು ಇಟ್ಟೆ." ಯಮನಮ್ಮ ಈಗ ಕಣ್ಣು ತೆರೆದಳು. "ಐದು ಮಂದೀನ ಹಡದೀನಿ, ಕನಕ. ಗದ್ದಿ ಕೆಸರಾಗ ಮೂವತ್ತು ವರ್ಷ ಸಸಿ ಹಚ್ಚೀನಿ. ಒಂದು ತೊಟ್ಟಿ ಬಿಸಿನೀರು ನನ್ನ ಸಲುವಾಗಿ ಯಾರೂ ಕಾಸಿರಲಿಲ್ಲ."

ಕನಕರಾಜ ಬಗ್ಗಿ ನೀರು ಬೆಚ್ಚಗಿದೆಯೇ ಎಂದು ಕೈಯಾಡಿಸಿ ನೋಡಿದ. ಆದರೂ ಹೆಂಡತಿಗೆ ಕೊಟ್ಟ ಮಾತು ನೆನಪಿತ್ತು. "ತೊಟ್ಟಿ ಲಾಲ್‌ಸಾಬಣ್ಣಂದು. ವಾಪಸ್ ಕೊಡಬೇಕಲ್ಲ" ಅಂದ ಮೆಲ್ಲಗೆ.

"ಅವನವ್ವನೂ ಇಲ್ಲೇ ಅದಾಳ, ಕೇಳಿ ನೋಡು" ಅಂದಳು ಯಮನಮ್ಮ.

ಸಾಲಿನ ಕೊನೆಯಲ್ಲಿ ಕೂತಿದ್ದ ಲಾಲ್‌ಸಾಬನ ತಾಯಿ ಟವೆಲ್ಲನ್ನು ಸರಿಯಾಗಿ ಹೊದ್ದುಕೊಂಡಳು. "ನಂದು ಇನ್ನ ಆಗಿಲ್ಲ, ಬೇಟಾ" ಅಂದಳು.

ಕನಕರಾಜ ಬಾಗಿಲು ಮುಚ್ಚಿ ಹೊರಗೆ ಬಂದ. ಅಂಗಳದಲ್ಲಿ ನರಸಣ್ಣ ನಿಂತಿದ್ದ. ಕೈಯಲ್ಲಿ ಒಂದು ಹಾಳೆ ಇತ್ತು.

"ಒಂದು ತಾಸಿನ ನೀರು ಬಿಟ್ಟುಬಿಡು, ಕನಕ. ಅದರ ಜಗಳ ಮುಗೀತು" ಅಂದ. "ನಮ್ಮವ್ವ ಮಧ್ಯಾಹ್ನದಿಂದ ಕೋಲಿಲ್ಲದ ಅಡ್ಡಾಡಾಕತ್ಯಾಳ. ಎರಡೂ ಓಣಿ ಕೂಡಿ ಮಾತಾಡಿ ಪಾಳಿ ಹಚ್ಚೀವಿ. ಸೋಮವಾರ, ಬುಧವಾರ, ಶುಕ್ರವಾರ ಮೇಲಿನ ಓಣಿ ಮುದುಕ್ಯಾರು. ಉಳದ ದಿನ ನಮ್ಮವರು. ಭಾನುವಾರ ಎಲ್ಲರೂ."

ಕನಕರಾಜ ಹಾಳೆ ತೆಗೆದುಕೊಂಡು ನೋಡಿದ. ಕೆಳಗೆ ಹೆಬ್ಬೆಟ್ಟುಗಳಿದ್ದವು, ಎಣಿಸಿದರೆ ಇಪ್ಪತ್ತಾರು.

"ನೀರು ಕಾಸೋರು ಯಾರು?" ಅಂತ ಕೇಳಿದ.

ನರಸಣ್ಣ ಅವನನ್ನು ಮರುಕದಿಂದ ನೋಡಿದ. "ನೀರಗಂಟಿ ನೀನಾ, ನಾನಾ?"

ಒಳಗಿಂದ ಯಮನಮ್ಮನ ದನಿ ಬಂತು, ನೀರು ಆರಾಕತ್ತೈತಿ ಅಂತ. ಕನಕರಾಜ ಪೇಢೆಯ ಡಬ್ಬಿಯನ್ನು ನರಸಣ್ಣನ ಕೈಗೆ ಕೊಟ್ಟು, ಅಂಗಿಯ ತೋಳು ಮಡಚಿಕೊಂಡು ಕಟ್ಟಿಗೆ ತರಲು ಹಿತ್ತಲಿಗೆ ಹೋದ.